ಗುಡಾರದ ಹಿಂದಿನ ಜಾಗ

ನನ್ನ ದೊಡ್ಡಪ್ಪನ ಮಗ ಫರ್ರಾಜ್ ನಕ್ಕಿದ್ದನ್ನು ನಾನು ನೋಡಿಲ್ಲ, ಅತ್ತಿದ್ದನ್ನೂ ನೋಡಿಲ್ಲ. ಮದುವೆಯ ಊಟಕ್ಕೂ ಸಾವಿನ ಮನೆಯ ಕಾಫಿಗೂ ಅವನು ಒಂದೇ ಮುಖ ಹೊತ್ತು ಬರುತ್ತಿದ್ದ. ಯುದ್ಧ ಮುಗಿದ ಮರುವರ್ಷ ಅವನಿಗೆ ಗಂಡುಮಗು ಹುಟ್ಟಿತು. ಸತ್ತಾಮ್ ಎಂದು ಹೆಸರಿಟ್ಟರು. ಅಂದಿನಿಂದ ಎಲ್ಲರೂ ಅವನನ್ನು ಅಬೂ ಸತ್ತಾಮ್, ಅಂದರೆ ಸತ್ತಾಮನ ಅಪ್ಪ, ಎಂದೇ ಕರೆದರು. ಆವತ್ತೂ ಅವನು "ಹೂಂ" ಎಂದ, ಅಷ್ಟೇ. ಕುರಿ ಸತ್ತರೂ ಹೂಂ, ಮಗ ಹುಟ್ಟಿದರೂ ಹೂಂ, ಇದೆಂಥ ಮನುಷ್ಯನೋ ಎಂದು ಜನ ಆಡಿಕೊಂಡರು. ನನಗೆ ಅವರ ಮೇಲೂ ಸಿಟ್ಟು, ಅವನ ಮೇಲೂ ಸಿಟ್ಟು. ಸಿಟ್ಟು ಬರುವುದು ನನ್ನ ಸ್ವಭಾವ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾವಿರುವುದು ಸುಲೈಬಿಯಾದ ತಗಡಿನ ಚಾವಣಿಯ ಮನೆಗಳಲ್ಲಿ. ಇದೇ ಕುವೈತಿನ ಮರಳಿನಲ್ಲಿ ನಮ್ಮ ಅಜ್ಜಂದಿರು ಕುರಿ, ಒಂಟೆ ಮೇಯಿಸಿದರು. ಆದರೆ ಬಂದು ಹೆಸರು ಬರೆಸಿಕೊಳ್ಳಿ ಎಂದು ಸರ್ಕಾರ ಕರೆದ ಕಾಲಕ್ಕೆ ಅವರು ಮಳೆ ಎಲ್ಲಿ ಬಿದ್ದಿದೆ ಎಂದು ಹುಡುಕುತ್ತ ಎಲ್ಲೋ ಇದ್ದರು. ಹಾಗಾಗಿ ನಾವು ಇಲ್ಲೇ ಹುಟ್ಟಿಯೂ ಇಲ್ಲಿಯವರಲ್ಲ. ನಮ್ಮ ಹುಟ್ಟು ಸಾವು ಯಾವ ಕಚೇರಿಗೂ ಬೇಡ. ನಮ್ಮಂಥ ಕಾಗದವಿಲ್ಲದವರಿಗೆ ಸಿಗುವ ಕೆಲಸವೂ ಅಷ್ಟಕ್ಕಷ್ಟೇ. ಅಬೂ ಸತ್ತಾಮ್ ಕಾವಲು ಕಾದ, ನಾನು ಇನ್ನೊಬ್ಬರ ಹೆಸರಿನ ನೀರಿನ ಟ್ಯಾಂಕರ್ ಓಡಿಸಿದೆ.

ಅವನ ಹೆಂಡತಿ ಮಿಜ್ನಾ, ಜನರ ಬಾಯಲ್ಲಿ ಉಮ್ ಸತ್ತಾಮ್, ಅವನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವವಳು. ವಸಂತದಲ್ಲಿ ನಮ್ಮ ಕುಟುಂಬಗಳೆಲ್ಲ ಮರುಭೂಮಿಗೆ ಹೋಗಿ ಗುಡಾರ ಹಾಕುವಾಗ ಅವಳನ್ನು ನೋಡಬೇಕು. ಗುಡಾರ ನಮ್ಮಲ್ಲಿ ಹೆಂಗಸರ ಸ್ವತ್ತು. ನೇಯುವವರು ಅವರು, ಕಟ್ಟುವವರು ಅವರು. ಗಾಳಿ ದಿಕ್ಕು ಬದಲಿಸಿದರೆ ಗುಡಾರದ ಬೆನ್ನನ್ನು ಆ ಕಡೆಗೆ ತಿರುಗಿಸುವವರೂ ಅವರೇ. ಗಂಡಸರು ಹಗ್ಗ ಮುಟ್ಟಿದರೆ ಮಿಜ್ನಾ ಕೈಗೆ ಬಡಿಯುತ್ತಿದ್ದಳು. "ಬಿಡ್ರೋ ಅತ್ಲಾಗೆ! ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಗಡ್ಡ ಹಾರಿದ್ಮೇಲೆ ಗೊತ್ತಾಗುತ್ತೆ ಇವಕ್ಕೆ." ನಾವು ಕಾಫಿ ಹೀರುತ್ತ ಕೂತಿರುತ್ತಿದ್ದೆವು. ಗುಡಾರ ಎದ್ದ ಮೇಲೆ ಒಳಗೆ ಹೋಗುವುದಷ್ಟೇ ನಮ್ಮ ಕೆಲಸ.

ಆ ದಿನಗಳಲ್ಲಿ ಊರಿಗೆ ಊರೇ ಫಗಾ ಹುಡುಕಲು ಹೊರಡುತ್ತದೆ. ಒಳ್ಳೆಯ ಮಳೆ ಬಿದ್ದ ವರ್ಷ ಮಣ್ಣಿನೊಳಗೆ ಬೆಳೆಯುವ ಅಣಬೆ ಅದು. ತುಪ್ಪದಲ್ಲಿ ಹುರಿದರೆ ಮಾಂಸ ಬೇಡ ಎನಿಸುತ್ತದೆ. ಅಬೂ ಸತ್ತಾಮ್ ಮಾತ್ರ ಒಬ್ಬನೇ ದಕ್ಷಿಣಕ್ಕೆ, ಎಣ್ಣೆ ಬಾವಿಗಳ ಕಡೆಗೆ ಗಾಡಿ ತಿರುಗಿಸುತ್ತಿದ್ದ. ಬರುವಾಗ ಬರಿಗೈ.

"ಅಲ್ಲ ಕಣೋ, ಆ ಕಪ್ಪು ಕೆರೆ ಹತ್ರ ಯಾವ ಫಗಾ ಸಿಗುತ್ತೆ ನಿಂಗೆ? ಡಾಂಬರಿನ ಫಗಾನಾ?" ಎಂದು ನಾನೇ ರೇಗಿಸಿದ್ದುಂಟು.

"ಗಾಳಿಗೆ ಹೋಗಿದ್ದೆ" ಎನ್ನುತ್ತಿದ್ದ.

ಕಪ್ಪು ಕೆರೆ ಎಂದರೆ ಯುದ್ಧ ಬಿಟ್ಟುಹೋದದ್ದು. ದಂಡೆತ್ತಿ ಬಂದ ಸೈನ್ಯ ಹಿಂದೆ ಸರಿಯುವಾಗ ಬಾವಿಗಳಿಗೆ ಬೆಂಕಿ ಇಟ್ಟಿತು. ಉರಿಯದೆ ಚಿಮ್ಮಿದ ಎಣ್ಣೆ ತಗ್ಗು ಇದ್ದ ಕಡೆಗೆಲ್ಲ ಹರಿದು ನಿಂತಿತು. ಹಕ್ಕಿಗಳು ನೀರು ಎಂದುಕೊಂಡು ಇಳಿದವು, ಮತ್ತೆ ಮೇಲೇಳಲಿಲ್ಲ. ವರ್ಷಗಳು ಕಳೆದಂತೆ ಮೇಲೆ ಕೆನೆಗಟ್ಟಿತು, ಧೂಳು ಕೂತಿತು, ಒಳಗೆ ಕೆಸರು ಹಾಗೇ ಉಳಿಯಿತು. ಅದನ್ನು ತೆಗೆಯುವುದಕ್ಕೆ ದೊಡ್ಡವರಿಗೆ ಪುರುಸೊತ್ತಾಗಲು ಕಾಲು ಶತಮಾನ ಬೇಕಾಯಿತು. ಅಷ್ಟು ಹೊತ್ತಿಗೆ ಆಗ ಹುಟ್ಟಿದ ಮಕ್ಕಳು ಮಕ್ಕಳ ತಂದೆಯರಾಗಿದ್ದರು.

ಕೊನೆಗೂ ಕೆಲಸ ಶುರುವಾಯಿತು. ಮೊದಲು ಬಾಂಬು ಹುಡುಕುವವರು ಬಂದು ನೆಲವನ್ನೆಲ್ಲ ತಡಕಿದರು. ಆಮೇಲೆ ಯಂತ್ರಗಳು ಬಂದವು. ಕೆಸರು ಹೀರಿ, ಎಣ್ಣೆ ಕುಡಿದ ಮಣ್ಣನ್ನು ಹಳದಿ ಮರಳು ಕಾಣುವ ತನಕ ಅಗೆದು, ಲಾರಿಯಲ್ಲಿ ಸಾಗಿಸಿ, ದಪ್ಪ ಪ್ಲಾಸ್ಟಿಕ್ ಹಾಸಿದ ದೊಡ್ಡ ಗುಂಡಿಯಲ್ಲಿ ಹೂಳಬೇಕು. ತೋಡಿದ ಜಾಗಕ್ಕೆ ಒಳ್ಳೆಯ ಮರಳು ತುಂಬಿ ಗಿಡ ನೆಡಬೇಕು. ಧೂಳು ಏಳದ ಹಾಗೆ ನೀರು ಹಾಯಿಸುವುದು ನನ್ನ ಕೆಲಸ. ಅಲ್ಲಿಗೆ ಕಾವಲುಗಾರನಾಗಿ ಸೇರಲು ಅಬೂ ಸತ್ತಾಮ್ ತಾನಾಗಿ ಹೋಗಿ ಕೇಳಿಕೊಂಡನಂತೆ. ಅವನು ಯಾರನ್ನಾದರೂ ಏನನ್ನಾದರೂ ಕೇಳಿಕೊಂಡಿದ್ದು ಅದೇ ಮೊದಲು. ನನಗೆ ಆಶ್ಚರ್ಯವಾಯಿತು.

ಒಂದು ಮಧ್ಯಾಹ್ನ, ಬಿಸಿಲು ನೆತ್ತಿ ಸುಡುತ್ತಿದ್ದಾಗ, ಅವನು ಬಂದು ನನ್ನ ಟ್ಯಾಂಕರಿನಲ್ಲಿ ಕೂತ. ಎದುರಿನ ಗಾಜಿನಿಂದ ಕಪ್ಪು ತಗ್ಗು ಕಾಣುತ್ತಿತ್ತು.

"ಹುಮೂದ್, ವಸ್ಮಿಯಾ ಅಲ್ಲಿದಾಳೆ" ಎಂದ.

ವಸ್ಮಿಯಾ ಅವನ ಮೊದಲ ಮಗಳು. ಮಳೆಗಾಲದ ಮೊದಲ ಮಳೆ ಬಿದ್ದ ದಿನ ಹುಟ್ಟಿದ್ದಕ್ಕೆ ಆ ಹೆಸರು. ಮೂರು ವರ್ಷದವಳಿದ್ದಾಗ, ಯುದ್ಧದ ಚಳಿಗಾಲದಲ್ಲಿ, ಜ್ವರ ಬಂದು ಸತ್ತಳು ಎಂಬುದು ನನಗೆ ಗೊತ್ತಿತ್ತು. ನಾನು ಆಗ ಅಪ್ಪನ ಜೊತೆ ಗಡಿಯಾಚೆ ಇದ್ದೆ. ಎಲ್ಲಿ ಮಣ್ಣು ಮಾಡಿದರು ಎಂದು ನಾನು ಕೇಳಿರಲಿಲ್ಲ. ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಸತ್ತಲ್ಲಿ ಅದೇ ದಿನ ಮಣ್ಣು ಮಾಡಿ, ತಲೆಯ ಕಡೆಗೊಂದು ಕಲ್ಲು ಇಟ್ಟು, ಎದ್ದು ಹೋಗುವುದು. ಹೆಸರು ಕೆತ್ತುವುದಿಲ್ಲ, ಕಟ್ಟೆ ಕಟ್ಟುವುದಿಲ್ಲ. ಹೆಂಗಸರಂತೂ ಗೋರಿಯ ಬಳಿಗೆ ಕಾಲಿಡುವುದಿಲ್ಲ.

"ಕೆರೇಲಾ?" ಎಂದೆ.

"ಆಗ ಕೆರೆ ಎಲ್ಲಿತ್ತು? ಮರಳಿತ್ತು. ಆ ದಿಬ್ಬಕ್ಕೂ ತಗ್ಗಿಗೂ ನಡುವೆ ನಮ್ಮ ಗುಡಾರ. ಕಗ್ಗತ್ತಲು, ಮಳೆ ಸುರೀತಿತ್ತು. ಗುಡಾರದ ಹಿಂದೆ ತೋಡಿದೆ. ಇಡೋಕೆ ಕಲ್ಲು ಸಿಗಲಿಲ್ಲ, ಮಿಜ್ನಾ ಒಲೆಯಿಂದ ಒಂದು ಕಲ್ಲು ಕಿತ್ತು ಕೊಟ್ಟಳು. ಬೆಳಗಾದ್ರೆ ಸೈನಿಕರು ಬಂದು ಎಬ್ಬಿಸಿದ್ರು. ಗುಡಾರ ಬಿಚ್ಕೊಂಡು ಹೋದ್ವಿ. ತಿರುಗಿ ಬರೋ ಹೊತ್ತಿಗೆ ಎಲ್ಲ ಕಪ್ಪು."

"ಮಿಜ್ನಾಗೆ ಗೊತ್ತಾ?"

"ಗೋರಿಗೆ ಎಣ್ಣೆ ತಾಗಿಲ್ಲ, ಪಕ್ಕದಲ್ಲಿ ಅರ್ಫಜ್ ಗಿಡ ಹುಟ್ಟಿದೆ ಅಂತ ಹೇಳಿದೀನಿ. ಪ್ರತಿ ವರ್ಷ ಹೋಗಿ ಸಲಾಮ್ ಹೇಳಿ ಬಂದು, ಗಿಡ ಹೂ ಬಿಟ್ಟಿದೆ ಅಂತೀನಿ. ಕೇಳಿ ಸುಮ್ನಾಗ್ತಾಳೆ."

ಅವನು ಇದನ್ನು ಹೇಳಿದ ರೀತಿ ಕೇಳಿ ನನಗೆ ಮೈ ಉರಿಯಿತು. ಪೇಟೆಯಲ್ಲಿ ಟೊಮೆಟೊ ಇರಲಿಲ್ಲ ಎಂದು ಹೇಳುವ ಹಾಗೆ ಹೇಳುತ್ತಿದ್ದ. "ಮತ್ತೆ ಹೋಗಿ ಇಂಜಿನಿಯರ್‌ಗೆ ಹೇಳು! ಅಗೆಯೋರನ್ನ ನಿಲ್ಲಿಸು!" ಎಂದು ಕೂಗಿದೆ.

"ಏನಂತ ಹೇಳ್ಲಿ? ಮೊದ್ಲು ಕಾಗದ ಕೇಳ್ತಾರೆ. ಅವಳು ಹುಟ್ಟಿದ್ದಕ್ಕೆ ಕಾಗದ ಇಲ್ಲ, ಸತ್ತಿದ್ದಕ್ಕೆ ಎಲ್ಲಿಂದ ತರಲಿ? ಪೊಲೀಸರು ಬರ್ತಾರೆ. ಮನೆಗೂ ಹೋಗಿ ಮಿಜ್ನಾನ ಕೇಳ್ತಾರೆ." ಕಪ್ಪು ತಗ್ಗಿನ ಕಡೆ ನೋಡುತ್ತ, "ಅವಳನ್ನ ಆ ಪ್ಲಾಸ್ಟಿಕ್ ಗುಂಡಿಗೆ ಹಾಕದಿದ್ರೆ ಸಾಕು. ಮಿಜ್ನಾಗೆ ತಿಳೀದಿದ್ರೆ ಸಾಕು" ಎಂದ.

ಅವನಿಗೆ ಬೇಕಾಗಿದ್ದು ಇಷ್ಟೇ. ಅದಕ್ಕೆ ಅವನು ಮಾಡಿದ ಉಪಾಯವೂ ಅವನಂಥದ್ದೇ. ಬಾಂಬು ಕಂಡಲ್ಲಿ ಕೆಂಪು ಬಾವುಟ ನೆಡಬೇಕು, ನೆಟ್ಟ ಜಾಗಕ್ಕೆ ಯಾರೂ ಹೋಗಬಾರದು ಎಂಬ ನಿಯಮವಿತ್ತು. ಯಂತ್ರ ತಗ್ಗಿನ ಆ ಮೂಲೆಯ ಹತ್ತಿರ ಬಂದ ದಿನ ಬೆಳಿಗ್ಗೆ ನೋಡಿದರೆ ಅಲ್ಲೊಂದು ಕೆಂಪು ಬಾವುಟ. ಕೆಲಸ ನಿಂತಿತು. ಬಾಂಬಿನವರು ಬಂದು, ಬೋರಲು ಮಲಗಿ, ಮಗ್ಗುಲಾಗಿ ಮಲಗಿ ತಡಕಿ, ಏನೂ ಇಲ್ಲ ಎಂದು ಕಿತ್ತು ಎಸೆದರು. ಕೆಲವು ದಿನ ಬಿಟ್ಟು ಮತ್ತೆ ಅದೇ ಜಾಗದಲ್ಲಿ ಬಾವುಟ.

ಇಂಜಿನಿಯರ್ ಬಹಗತ್ ಈಜಿಪ್ಟಿನವನು, ಹೊಟ್ಟೆ ದೊಡ್ಡದು, ಮನಸ್ಸೂ ಸಣ್ಣದಲ್ಲ. ಅಬೂ ಸತ್ತಾಮನನ್ನು ಕರೆಸಿದ. "ಅಜ್ಜಾ, ನೀನು ನಂಗೆ ಬಾಂಬ್ ತೋರಿಸ್ತಿದೀಯೋ, ರಜಾ ಕೊಡಿಸ್ತಿದೀಯೋ? ಇನ್ನೊಂದು ಸಲ ಬಾವುಟ ಹಾರಿತು ಅಂದ್ರೆ ನಿನ್ನನ್ನೇ ಕಂಬಕ್ಕೆ ಕಟ್ಟಿ ಹಾರಿಸ್ತೀನಿ."

"ಹೂಂ" ಎಂದ ಅಬೂ ಸತ್ತಾಮ್.

ಯಂತ್ರ ಅಗೆಯಿತು. ಹಳ್ಳದ ಅಂಚಿನಲ್ಲಿ ಅವನು ಕೈಕಟ್ಟಿ ನಿಂತ. ಬಕೆಟ್ಟು ಮೇಲೆ ಬಂದಾಗೆಲ್ಲ ಅದರೊಳಗೆ ನೋಡುತ್ತಿದ್ದ. ಕಪ್ಪು ಮಣ್ಣು, ಗಟ್ಟಿ ಹೆಂಟೆ, ಮತ್ತೆ ಕಪ್ಪು ಮಣ್ಣು. ಕಲ್ಲಿಲ್ಲ, ಬಟ್ಟೆಯಿಲ್ಲ, ಏನೂ ಇಲ್ಲ. ಸಂಜೆಯ ಹೊತ್ತಿಗೆ ಹಳದಿ ಮರಳು ಕಂಡಿತು. ಲಾರಿಗಳು ತುಂಬಿಕೊಂಡು ಗುಂಡಿಯ ಕಡೆಗೆ ಹೋದವು. ನಾನು ಅವನ ಪಕ್ಕ ಹೋಗಿ ನಿಂತೆ.

"ಎಲ್ಲೋ ಒಂದು ಬಕೆಟ್ಟಲ್ಲಿ ಹೋಗಿರ್ತಾಳೆ" ಎಂದ. "ನಂಗೆ ಏನಾದ್ರೂ ಅನಿಸುತ್ತೆ ಅಂತ ಕಾದೆ. ಏನೂ ಅನಿಸ್ಲಿಲ್ಲ, ಹುಮೂದ್."

ನನಗೆ ಅವನ ಮೇಲೆ ಆಗಲೂ ಸಿಟ್ಟೇ ಬಂತು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಗಾಡಿ ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಅವನ ಪಾಲಿನದನ್ನು ನಾನು ಅತ್ತೆನೋ ಏನೋ.

ಆಮೇಲೆ ತಗ್ಗು ತುಂಬಿಸುವ ಹೊತ್ತು ಬಂತು. ಒಳ್ಳೆಯ ಮರಳು ದೂರದಿಂದ ಬರಬೇಕಿತ್ತು, ಬರುತ್ತಿರಲಿಲ್ಲ. ಬಹಗತ್ ಫೋನಿನಲ್ಲಿ ಬೈಯುತ್ತ ಅತ್ತಿಂದಿತ್ತ ಓಡಾಡುತ್ತಿದ್ದ. ಆಗ ಅಬೂ ಸತ್ತಾಮ್ ತಾನಾಗಿ ಮುಂದೆ ಬಂದು ತಗ್ಗಿನ ಆಚೆ ಬದಿಯ ದಿಬ್ಬವನ್ನು ತೋರಿಸಿದ.

"ಅಲ್ಲಿಂದ ತಗೊಳ್ಳಿ ಇಂಜಿನಿಯರ್. ಅಲ್ಲಿಗೆ ಎಣ್ಣೆ ಹತ್ತಿಲ್ಲ. ಒಳ್ಳೇ ಮರಳು. ಅಲ್ಲಿ ಏನೂ ಇಲ್ಲ."

ಬಹಗತ್ ಮಾದರಿ ತೆಗೆಸಿ ನೋಡಿದ. ನಿಜ, ಮೇಲಿನ ಮಸಿ ಕೆರೆದರೆ ಒಳಗೆಲ್ಲ ಶುದ್ಧ ಮರಳು. "ಅಜ್ಜಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ಬುದ್ಧೀನ?" ಎಂದು ಅವನ ಬೆನ್ನು ತಟ್ಟಿದ. ಹೀಗೇಕೆ ಮಾಡಿದೆ ಎಂದು ನಾನು ಆಮೇಲೆ ಕೇಳಿದೆ. "ಆ ಚಳಿಗಾಲ ಅವಳು ಆಡಿದ ಮರಳು ಅದು. ದಿನವಿಡೀ ಆ ದಿಬ್ಬದ ಮೇಲಿಂದ ಜಾರೋಳು. ಅವಳಿದ್ದ ಜಾಗಕ್ಕೆ ಅದೇ ಬೀಳಲಿ ಅನ್ನಿಸ್ತು" ಎಂದ. ಅವನ ಬಾಯಿಂದ ಅನ್ನಿಸ್ತು ಎಂಬ ಮಾತು ಕೇಳಿ ನನಗೆ ಒಂಥರಾ ಸಮಾಧಾನವಾಯಿತು.

ದಿಬ್ಬ ಕರಗತೊಡಗಿತು. ಮರಳನ್ನು ದೊಡ್ಡ ಜರಡಿಗೆ ಸುರಿದು, ಕಲ್ಲು ಕಡ್ಡಿ ಬೇರೆ ಮಾಡಿ, ತಗ್ಗಿಗೆ ಸಾಗಿಸುತ್ತಿದ್ದರು. ಜರಡಿಯ ಮೇಲೆ ನಿಂತದ್ದರಲ್ಲಿ ಎಣ್ಣೆ ಹತ್ತಿದ ಹಾಗೆ ಕಪ್ಪಗೆ ಕಂಡದ್ದನ್ನು ಹೊಲಸು ರಾಶಿಗೆ ಎಸೆಯಲು ಅಬೂ ಸತ್ತಾಮನನ್ನು ನಿಲ್ಲಿಸಿದರು. ದಪ್ಪ ಕೈಗವಸು ಹಾಕಿಕೊಂಡು, ಕಪ್ಪು ಕಂಡರೆ ಆ ಕಡೆ, ಬಿಳಿ ಕಂಡರೆ ಈ ಕಡೆ ಎಂದು ಎಸೆಯುತ್ತ ನಿಂತಿರುತ್ತಿದ್ದ. ಸಾವಿರಾರು ಕಲ್ಲು. ಒಂದನ್ನೂ ಅವನು ಎರಡನೇ ಸಲ ನೋಡಲಿಲ್ಲ. ಯಾಕಾದರೂ ನೋಡಬೇಕು?

ತಗ್ಗು ತುಂಬಿತು. ದಿಬ್ಬವಿದ್ದ ಜಾಗ ಚಪ್ಪಟೆಯಾಯಿತು. ಎಲ್ಲ ಕಡೆ ಒಂದೇ ಹಳದಿ. ಕಪ್ಪು ಕೆರೆ ಸ್ವಚ್ಛವಾಯಿತೆಂದು ಟೀವಿಯಲ್ಲಿ ತೋರಿಸಿದರು. ಅದನ್ನು ಮಿಜ್ನಾ ನೋಡಿದಳು.

"ಅಬೂ ಸತ್ತಾಮ್, ಈಗ ಅಲ್ಲಿ ಹೊಲಸಿಲ್ವಂತೆ. ನನ್ನ ಕರ್ಕೊಂಡು ಹೋಗು. ಗೋರಿ ಹತ್ರ ಬರಲ್ಲ, ಗಾಡೀಲೇ ಕೂತು ದೂರದಿಂದ ನೋಡ್ತೀನಿ" ಎಂದಳು.

"ಬಿಸಿಲು" ಎಂದ.

"ಬಿಸಿಲು ನೋಡದೆ ಇರೋಕೆ ನಾನೇನು ಲಂಡನ್ನಿಂದ ಬಂದಿದೀನಾ? ನಂಗೂ ವಯಸ್ಸಾಯ್ತು. ಒಂದು ಸಲ ನೋಡಬೇಕು."

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಕೊನೆಗೆ ನನ್ನ ಪಿಕಪ್ಪಿನಲ್ಲೇ ಹೊರಟೆವು. ರಜೆಯ ದಿನವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಮಿಜ್ನಾ ದಾರಿಯುದ್ದಕ್ಕೂ ಮಾತಾಡುತ್ತಿದ್ದವಳು ಬಾವಿಗಳು ಕಾಣಿಸಿದ ಮೇಲೆ ಗಾಜಿಗೆ ಮುಖ ಒತ್ತಿ ಹೊರಗೆ ನೋಡತೊಡಗಿದಳು. ತುಂಬಿದ ತಗ್ಗಿನ ಅಂಚಿನಲ್ಲಿ ಗಾಡಿ ನಿಲ್ಲಿಸಿದೆ.

"ಅಲ್ಲಿ" ಎಂದು ಅಬೂ ಸತ್ತಾಮ್ ತಗ್ಗಿನ ಮೂಲೆಯತ್ತ ಕೈ ತೋರಿಸಿದ. "ಗಿಡ ಕೆಲಸದಲ್ಲಿ ಹೋಯ್ತು. ಕಲ್ಲೂ ಹೋಯ್ತು."

ಅವಳು ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ಅಲ್ಲಿ ಯಾಕೆ? ಗುಡಾರದ ಹಿಂದೆ ಅಲ್ವಾ ನೀನು ತೋಡಿದ್ದು?"

"ಹಿಂದೇನೇ. ಗುಡಾರದ ಬೆನ್ನು ಉತ್ತರದ ಗಾಳಿಗೆ ತಾನೇ ಇರೋದು? ಆ ಕಡೆಗೆ ತಗ್ಗು."

"ಅಯ್ಯೋ, ಆ ದಿನ ಎಲ್ಲಿತ್ತು ಉತ್ತರದ ಗಾಳಿ? ಮಳೆ ಹೊತ್ತು ಎದುರಿಂದ, ದಕ್ಷಿಣದ ಕಡೆಯಿಂದ ಕೌಸ್ ಗಾಳಿ ಬೀಸ್ತಿತ್ತು. ಮಗೂಗೆ ಚಳಿ ಹೊಡೀತಿದೆ ಅಂತ ನಾನು ಗುಡಾರ ತಿರುಗಿಸಿದ್ದೆ. ಬೆನ್ನು ದಿಬ್ಬದ ಕಡೆಗಿತ್ತು. ನೀನು ತೋಡಿದ್ದು ದಿಬ್ಬದಲ್ಲಿ." ಅವಳು ಗಾಡಿಯ ಬಾಗಿಲು ತೆರೆದಳು. "ಅದಕ್ಕೇ ಅಲ್ವಾ ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದಿದ್ದು? ಎಣ್ಣೆ ಅಷ್ಟು ಎತ್ತರ ಹತ್ತಲ್ಲ ಅಂತ. ದಿಬ್ಬ ಎಲ್ಲಿ?"

ಅಬೂ ಸತ್ತಾಮ್ ಹೆಂಡತಿಗೆ ಹೇಳಿದ ಸುಳ್ಳು ಕಾಲು ಶತಮಾನ ನಿಜವೇ ಆಗಿತ್ತು. ಗೋರಿಗೆ ಎಣ್ಣೆ ತಾಗಿರಲಿಲ್ಲ. ಅವಳನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದಳು. ಗುಡಾರ ಹೆಂಗಸರದು, ಗೋರಿ ಗಂಡಸರದು ಎಂದು ಇಬ್ಬರೂ ತಂತಮ್ಮದನ್ನು ಹಿಡಿದುಕೊಂಡು ಒಂದೇ ಸೂರಿನಡಿ ಬದುಕಿದ್ದರು.

ಮಿಜ್ನಾ ಇಳಿದು ನಡೆಯತೊಡಗಿದಳು. ಚಪ್ಪಟೆ ನೆಲ ದಾಟಿ ಜರಡಿಯ ಬಳಿಯ ಹೊಲಸು ರಾಶಿಯ ಹತ್ತಿರ ಹೋದಳು. ಅದು ಲಾರಿಗಾಗಿ ಕಾಯುತ್ತಿತ್ತು, ಮರುದಿನ ಗುಂಡಿಗೆ ಹೋಗಬೇಕಿತ್ತು. ಅವಳು ಕೂತು ಒಂದೊಂದೇ ಕಲ್ಲು ಎತ್ತಿ ಪಕ್ಕಕ್ಕಿಟ್ಟಳು. "ಬಿಡು ಉಮ್ ಸತ್ತಾಮ್, ಕೈ ಹೊಲಸಾಗುತ್ತೆ" ಎಂದೆ. ನನ್ನ ಮಾತು ಅವಳಿಗೆ ಕೇಳಿಸಲೇ ಇಲ್ಲ. ಕೊನೆಗೆ ಒಂದು ಕಲ್ಲನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಮೈ ಕಪ್ಪು, ಇನ್ನೊಂದು ಮೈ ಬಿಳಿ. ಕಪ್ಪಿನ ಮೇಲೆ ಬೆರಳಾಡಿಸಿ ಮೂಸಿದಳು.

"ಇದು ಎಣ್ಣೆ ಅಲ್ಲ. ನನ್ನ ಒಲೆ ಮಸಿ" ಎಂದಳು.

ಅಬೂ ಸತ್ತಾಮ್ ಆ ಕಲ್ಲನ್ನು ನೋಡಿದ. ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡ. ಆ ರಾಶಿಗೆ ಅದನ್ನು ಎಸೆದದ್ದು ಅವನೇ, ಬೇರೆ ಯಾರೂ ಅಲ್ಲ.

"ಮತ್ತೆ ಮರಳು?" ಎಂದು ಮಿಜ್ನಾ ಕೇಳಿದಳು. "ದಿಬ್ಬದ ಮರಳು ಎಲ್ಲಿ ಹೋಯ್ತು?"

"ಅಲ್ಲಿ" ಎಂದು ಅವನು ತುಂಬಿದ ತಗ್ಗನ್ನು ತೋರಿಸಿದ. "ನಾನೇ ಹಾಕಿಸಿದೆ."

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆ ಕಲ್ಲನ್ನು ಎದೆಗವಚಿಕೊಂಡು ತುಂಬಿದ ತಗ್ಗಿನ ನಡುವಿನ ತನಕ ನಡೆದು ಹೋದಳು. ನಮ್ಮ ಹೆಂಗಸರು ಹೋಗಬಾರದ ಜಾಗಕ್ಕೆ ಹೋದಳು, ನಾವು ತಡೆಯಲಿಲ್ಲ. ಅಲ್ಲಿ ಕಲ್ಲನ್ನಿಟ್ಟು, ಸುತ್ತ ಮರಳು ಒತ್ತಿ, ಎದ್ದು ಬಂದಳು. "ನೀನು ವರ್ಷಾ ವರ್ಷಾ ಸಲಾಮ್ ಹೇಳ್ತಿದ್ದ ಕಡೆಗೇ ಬಂದುಬಿಟ್ಲು" ಎಂದಳು ಗಂಡನಿಗೆ. ಜರಡಿಯ ಮೇಲೆ ಏನೇನು ನಿಂತಿತು, ಏನೇನು ಕೆಳಗೆ ಜಾರಿತು ಎಂದು ನಾನು ಯೋಚಿಸಲು ಹೋಗಿಲ್ಲ. ಹೋಗುವುದೂ ಇಲ್ಲ.

ಮರುದಿನ ಗಿಡ ನೆಡುವವರು ಬಂದರು. ಅರ್ಫಜ್ ಸಸಿಗಳನ್ನು ಸಾಲಾಗಿ ನೆಡುತ್ತ ಬಂದವರು ನಡುವೆ ನಿಂತುಬಿಟ್ಟರು. ನಾನು ಟ್ಯಾಂಕರ್ ನಿಲ್ಲಿಸಿ ನೋಡಿದೆ. ಒಲೆಯ ಕಲ್ಲಿನ ಪಕ್ಕ ಕೆಂಪು ಬಾವುಟ ನೆಟ್ಟಿತ್ತು, ಅದರ ಪಕ್ಕ ಅಬೂ ಸತ್ತಾಮ್ ನಿಂತಿದ್ದ. ಬಹಗತ್ ಮರಳಿನಲ್ಲಿ ಕಾಲೆಳೆಯುತ್ತ, ಏದುಸಿರು ಬಿಡುತ್ತ ಬಂದ.

"ಅಜ್ಜಾ, ಮತ್ತೆ ಶುರು ಮಾಡಿದ್ಯಾ? ಈ ಮರಳು ನಾವೇ ತಂದು ಸುರಿದಿದ್ದು, ಇಲ್ಲೆಲ್ಲಿಂದ ಬಂತು ಬಾಂಬು?"

"ಬಾಂಬಲ್ಲ. ನನ್ನ ಮಗಳು ಇದಾಳೆ" ಎಂದ ಅಬೂ ಸತ್ತಾಮ್.

ಬಹಗತ್ ಅವನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಬಹಗತ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಗಿಡ ನೆಡುವವರಿಗೆ ಹಿಂದೆ ಸರಿಯಿರಿ ಎಂದು ಸನ್ನೆ ಮಾಡಿದ. ಕಾಗದ ಎಲ್ಲಿ ಎಂದು ಅವನು ಕೇಳಲಿಲ್ಲ.

"ಎಲ್ಲಿ, ಅಜ್ಜಾ? ಜಾಗ ತೋರಿಸು. ಅಷ್ಟು ಜಾಗ ಬಿಡೋಣ" ಎಂದ.

ಅಬೂ ಸತ್ತಾಮ್ ಕೈ ಎತ್ತಿದ. ಕಲ್ಲಿನ ಕಡೆಗೆ ತೋರಿಸಿದ, ಅಲ್ಲಿಂದ ಆಚೆಗೆ ತೋರಿಸಿದ, ಇನ್ನೂ ಆಚೆಗೆ ತೋರಿಸಿದ. ಹಳದಿ ಮರಳು ಮುಗಿಯುವ ತನಕ ಆ ಕೈ ಎಲ್ಲಿಯೂ ನಿಲ್ಲಲಿಲ್ಲ.